ಹಳೇ ಮಷೀನಿಗೆ ಹೊಸ ಪ್ರಿಂಟರ್ ಹಾಕೋದು ಹೆಂಗೆ? ಅಡಾಪ್ಟರ್ ತಗೊಳ್ಳೋಕೆ ಮುಂಚೆ ಇದನ್ನ ಪೂರ್ತಿ ಓದ್ರಿ

ಮೆಕ್ಕೆಜೋಳದ ಸೀಸನ್ ಶುರುವಾದ್ರೆ ದಾವಣಗೆರೆ ಎಪಿಎಂಸಿ ಸುತ್ತಮುತ್ತ ಇರೋ, ಗಾಡಿ ಸಮೇತ ತೂಕ ಮಾಡೋ ವೇಬ್ರಿಡ್ಜ್‌ಗಳ ಮುಂದೆ ಟ್ರ್ಯಾಕ್ಟರ್ ಸಾಲು ನಿಲ್ಲುತ್ತೆ, ಅಂಥ ಟೈಮಲ್ಲೇ ಪ್ರಿಂಟರ್ ಕೈ ಕೊಡೋದು. ಹೋದ ಸಲ ಒಬ್ಬರು ಬೆಳಗ್ಗೆ ಏಳಕ್ಕೇ ಫೋನ್ ಮಾಡಿದ್ರು, ಹೋಗಿ ನೋಡಿದ್ರೆ ತೂಕ ತೋರಿಸೋ ಇಂಡಿಕೇಟರ್ ಗಟ್ಟಿಮುಟ್ಟಾಗೈತೆ, ತೂಕ ಸರಿಯಾಗಿ ಬರ್ತೈತೆ, ಸೀಲ್ ಕೂಡ ಹಂಗೇ ಐತೆ, ಆದ್ರೆ ಅದಕ್ಕೆ ಹಾಕಿದ್ದ ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ (ರಿಬ್ಬನ್ ಮೇಲೆ ಸೂಜಿ ಬಡಿದು ಅಕ್ಷರ ಮೂಡಿಸೋದು) ಹೆಡ್ ಹೋಗೈತೆ. ಓನರ್ ಹಿಂದಿನ ದಿನಾನೇ ಪೇಟೆಗೆ ಹೋಗಿ ಒಂದು ಹೊಸ ಇಂಕ್‌ಜೆಟ್ ಪ್ರಿಂಟರ್ ತಂದಿದ್ರು, ಜೊತೆಗೆ ಒಂದು ಯುಎಸ್‌ಬಿ ಟು ಪ್ಯಾರಲಲ್ ಕೇಬಲ್ (ಪ್ಯಾರಲಲ್ ಅಂದ್ರೆ ಹಳೇ ಪ್ರಿಂಟರ್‌ಗಳ ಅಗಲದ ಪೋರ್ಟ್). ಕನೆಕ್ಟ್ ಮಾಡಿ ರಾತ್ರಿಯೆಲ್ಲ ಒದ್ದಾಡಿದ್ರೂ ಒಂದು ಅಕ್ಷರಾನೂ ಪ್ರಿಂಟ್ ಆಗಿರಲಿಲ್ಲ. ಹೊರಗೆ ರೈತರು ಕಾಯ್ತಾ ಇದಾರೆ, ಒಳಗೆ ಹುಡುಗ ತೂಕದ ಚೀಟಿಯನ್ನ ಪೆನ್ನಲ್ಲಿ ಬರೀತಾ ಇದಾನೆ, ಕೈಬರಹದ ತೂಕಕ್ಕೆ ಜಗಳ ಬೇರೆ.

ಇದು ಅವರೊಬ್ಬರ ಕಥೆ ಅಲ್ಲ. ಅದೇ ಕೇಬಲ್ಲನ್ನ ನಾನೂ ಕೆಲಸ ಶುರು ಮಾಡಿದ ಹೊಸದರಲ್ಲಿ ಕಸ್ಟಮರಿಗೆ ಕೊಡಿಸಿದೀನಿ, ಆಮೇಲೆ ಎರಡು ದಿನ ಅದರ ಹಿಂದೆ ಬಿದ್ದು ಕೊನೆಗೆ ದುಡ್ಡು ವಾಪಸ್ ಕೊಟ್ಟೀನಿ. ವೇಬ್ರಿಡ್ಜ್ ಅಷ್ಟೇ ಅಲ್ಲ, ಚಿತ್ರದುರ್ಗ ಚಳ್ಳಕೆರೆ ಕಡೆ ಎಣ್ಣೆ ಮಿಲ್ಲಿನ ಹಳೇ ಕಂಟ್ರೋಲ್ ಪ್ಯಾನಲ್, ಲ್ಯಾಬಿನ ಹಳೇ ಟೆಸ್ಟಿಂಗ್ ಮಷೀನ್, ದಲಾಲಿ ಅಂಗಡಿಯ ಡಾಸ್ (ವಿಂಡೋಸಿಗಿಂತ ಹಿಂದಿನ ಕಾಲದ್ದು) ಬಿಲ್ಲಿಂಗ್ ಸಾಫ್ಟ್‌ವೇರ್, ಎಲ್ಲಾ ಕಡೆ ಇದೇ ಸಮಸ್ಯೆ. ಮಷೀನ್ ಚೆನ್ನಾಗೈತೆ, ಪ್ರಿಂಟರ್ ಹೋಗೈತೆ, ಹೊಸ ಪ್ರಿಂಟರ್ ಹೊಂದ್ತಾ ಇಲ್ಲ. ಅಷ್ಟಕ್ಕೇ ಮಷೀನನ್ನ ಗುಜರಿಗೆ ಹಾಕಿಬಿಡ್ತಾರಲ್ಲ, ಅದು ನೋಡಿದ್ರೆ ಹೊಟ್ಟೆ ಉರಿಯುತ್ತೆ, ಅದಕ್ಕೇ ಇಷ್ಟು ಉದ್ದ ಬರೀತಾ ಇರೋದು.

ಆ ಕೇಬಲ್ ಯಾಕೆ ಕೆಲಸ ಮಾಡಲ್ಲ

ಯುಎಸ್‌ಬಿಯಲ್ಲಿ ಯಾವಾಗ್ಲೂ ಒಬ್ಬ ಯಜಮಾನ ಇರಬೇಕು, ಅದನ್ನ ಹೋಸ್ಟ್ ಅಂತಾರೆ, ಸಾಮಾನ್ಯವಾಗಿ ಅದು ಕಂಪ್ಯೂಟರ್. ಪ್ರಿಂಟರ್ ಅನ್ನೋದು ಡಿವೈಸ್, ಹೋಸ್ಟ್ ಕರೆಯೋವರೆಗೆ ಅದು ಬಾಯಿ ಬಿಡಲ್ಲ. ಅಂಗಡೀಲಿ ಸಿಗೋ ಯುಎಸ್‌ಬಿ ಟು ಪ್ಯಾರಲಲ್ ಕೇಬಲ್ ಒಳಗೆ ಒಂದು ಚಿಕ್ಕ ಚಿಪ್ ಇರುತ್ತೆ, ಅದು ಕೂಡ ಡಿವೈಸೇ. ಅದನ್ನ ಮಾಡಿರೋದು ಹೊಸ ಕಂಪ್ಯೂಟರಿಂದ ಹಳೇ ಪ್ಯಾರಲಲ್ ಪ್ರಿಂಟರಿಗೆ ಕಳಿಸೋಕೆ. ನಮಗೆ ಬೇಕಾಗಿರೋದು ಉಲ್ಟಾ, ಹಳೇ ಮಷೀನಿಂದ ಹೊಸ ಯುಎಸ್‌ಬಿ ಪ್ರಿಂಟರಿಗೆ. ಈ ಕೇಬಲ್ಲನ್ನ ತಿರುಗಿಸಿ ಹಾಕಿದ್ರೆ ಎರಡೂ ಕಡೆ ಡಿವೈಸೇ ಆಯ್ತು, ಮಾತಾಡಿಸೋರೇ ಇಲ್ಲ. ಪಿನ್ ಬದಲಾಯಿಸೋ ಕನ್ವರ್ಟರ್, ಜೆಂಡರ್ ಚೇಂಜರ್ ಎಷ್ಟು ಜೋಡಿಸಿದ್ರೂ ಅಷ್ಟೇ.

ಹಂಗಾಗಿ ಅಡಾಪ್ಟರ್ ತಗೊಳ್ಳೋಕೆ ಮುಂಚೆ ಮೂರು ಪ್ರಶ್ನೆ ಕೇಳ್ಕೋಬೇಕು. ಕನೆಕ್ಟರ್ ಯಾವುದು, ಡೇಟಾ ಯಾವ ದಿಕ್ಕಿಗೆ ಹೋಗ್ತೈತೆ, ಮತ್ತೆ ಮಷೀನ್ ಯಾವ ಭಾಷೆ ಮಾತಾಡ್ತೈತೆ. ಜನ ಮೊದಲನೇದನ್ನ ಮಾತ್ರ ನೋಡಿ ದುಡ್ಡು ಕೊಟ್ಟು ಬರ್ತಾರೆ.

ಮೊದಲು ಮಷೀನಿನ ಬೆನ್ನು ನೋಡ್ರಿ

ಮೊಬೈಲ್ ಟಾರ್ಚ್ ಹಾಕ್ಕೊಂಡು ಮಷೀನಿನ ಹಿಂದುಗಡೆ ಒಂದು ಫೋಟೋ ತೆಗೀರಿ, ಪೋರ್ಟ್ ಪಕ್ಕ ಬರೆದಿರೋದು ಕಾಣೋ ಹಂಗೆ. 25 ತೂತಿನ ಫೀಮೇಲ್ ಕನೆಕ್ಟರ್ ಇದ್ದು ಪಕ್ಕದಲ್ಲಿ ಪ್ರಿಂಟರ್ ಅಂತ ಇದ್ರೆ ಬಹುಪಾಲು ಅದು ಪ್ಯಾರಲಲ್. ಅದರ ಕೇಬಲ್ಲಿನ ಪ್ರಿಂಟರ್ ಕಡೆ ತುದೀಲಿ 36 ಪಿನ್ನಿನ ಅಗಲದ ಕನೆಕ್ಟರ್ ಇರುತ್ತೆ, ಪ್ರಿಂಟರಿನ ಬಾಯಿಯ ಎರಡೂ ಕಡೆ ಇರೋ ತಂತಿಯ ಕ್ಲಿಪ್ ಅದನ್ನ ಹಿಡ್ಕೊಳ್ಳುತ್ತೆ, ಅದಕ್ಕೆ ಸೆಂಟ್ರಾನಿಕ್ಸ್ ಅಂತಾರೆ. 9 ಪಿನ್ನಿಂದು ಇದ್ರೆ ಬಹುಪಾಲು ಅದು ಸೀರಿಯಲ್, ಅಂದ್ರೆ ಆರ್‌ಎಸ್-232. ಆದ್ರೆ ಹುಷಾರು, ಕೆಲವು ಹಳೇ ಮಷೀನಲ್ಲಿ ಸೀರಿಯಲ್ಲಿಗೂ 25 ಪಿನ್ ಕೊಟ್ಟಿರ್ತಾರೆ, ಆಕಾರ ನೋಡಿ ಪ್ಯಾರಲಲ್ ಅಂದ್ಕೊಂಡು ಚುಚ್ಚಿಬಿಡಬೇಡ್ರಿ. ಪ್ಯಾರಲಲ್ಲಿನ ಸಿಗ್ನಲ್ 5 ವೋಲ್ಟಿಂದು, ಆರ್‌ಎಸ್-232 ಅಂದ್ರೆ ಪ್ಲಸ್ ಮೈನಸ್ 3ರಿಂದ 15 ವೋಲ್ಟ್ ತನಕ ಹೋಗುತ್ತೆ, ಒಂದರ ಬಾಯಿಗೆ ಇನ್ನೊಂದು ಹಾಕಿದ್ರೆ ಪ್ಯಾರಲಲ್ ಪೋರ್ಟ್ ಸುಟ್ಟುಹೋಗಬಹುದು.

ವೇಬ್ರಿಡ್ಜ್ ಇಂಡಿಕೇಟರಲ್ಲಿ ಇನ್ನೊಂದು ವಿಷಯ. ಎರಡು ಮೂರು ಪೋರ್ಟ್ ಇರ್ತವೆ, ಒಂದು ಪ್ರಿಂಟರಿಗೆ, ಒಂದು ಕಂಪ್ಯೂಟರಿಗೆ, ಒಂದು ಹೊರಗಡೆ ಡ್ರೈವರಿಗೆ ಕಾಣೋ ದೊಡ್ಡ ಡಿಸ್‌ಪ್ಲೇಗೆ. ಕಂಪ್ಯೂಟರ್ ಪೋರ್ಟಲ್ಲಿ ತೂಕ ನಿಲ್ಲದಂಗೆ ಹೊರಡ್ತಾನೇ ಇರುತ್ತೆ, ಸೆಕೆಂಡಿಗೆ ಎಷ್ಟೋ ಸಲ. ಅದಕ್ಕೆ ಪ್ರಿಂಟರ್ ಹಾಕಿದ್ರೆ ಪೇಪರ್ ಮುಗಿಯೋವರೆಗೆ ಬರೀ ತೂಕ ಸಾಲು ಸಾಲಾಗಿ ಬಡಿತಾ ಇರುತ್ತೆ. ಹಂಗೆ ಆದ್ರೆ ಪ್ರಿಂಟರ್ ಕೆಟ್ಟಿಲ್ಲ, ಪೋರ್ಟ್ ತಪ್ಪೈತೆ, ಇಲ್ಲ ಸೆಟ್ಟಿಂಗಲ್ಲಿ ಕಂಟಿನ್ಯುಯಸ್ ಅಂತ ಐತೆ, ಅದನ್ನ ಪ್ರಿಂಟ್ ಕೀ ಒತ್ತಿದಾಗ ಮಾತ್ರ ಅನ್ನೋ ಮೋಡಿಗೆ ತರಬೇಕು.

ಮತ್ತೆ ಒಂದು ಮಾತು, ಇಂಡಿಕೇಟರಿನ ಮೇಲೆ ಲೀಗಲ್ ಮೆಟ್ರಾಲಜಿ (ತೂಕ ಅಳತೆ) ಇಲಾಖೆಯ ಸೀಲ್ ಇರುತ್ತೆ. ಪ್ರಿಂಟರ್ ಹಾಕೋಕೆ ಆ ಸೀಲ್ ಮುಟ್ಟೋ ಅವಶ್ಯಕತೆ ಇಲ್ಲ. ಒಳಗಿಂದ ವೈರ್ ಎಳೀತೀನಿ, ಸೀಲ್ ತೆಗೀತೀನಿ ಅಂತ ಯಾರಾದ್ರೂ ಅಂದ್ರೆ ಅವರನ್ನ ಅಲ್ಲೇ ನಿಲ್ಲಿಸ್ರಿ, ಸೀಲ್ ಹೋದ್ರೆ ಮತ್ತೆ ಸ್ಟ್ಯಾಂಪಿಂಗ್ ಆಗೋವರೆಗೆ ವೇಬ್ರಿಡ್ಜ್ ನಡೆಸೋ ಹಂಗಿಲ್ಲ.

ಮಷೀನ್ ಯಾವ ಭಾಷೆ ಮಾತಾಡುತ್ತೆ

ಇದೇ ಮುಖ್ಯ, ಇಲ್ಲೇ ಎಲ್ಲರೂ ಎಡವೋದು. ಹಳೇ ಮಷೀನಿಗೆ ಡ್ರೈವರ್ ಅನ್ನೋದೇ ಇಲ್ಲ. ಅದು ಸೀದಾ ಅಕ್ಷರ ಕಳಿಸುತ್ತೆ, ಎ ಬಿ ಸಿ, 1 2 3, ನಡುವೆ ಕೆಲವು ಗುಪ್ತ ಕೋಡ್. ಆ ಕೋಡ್ ಹೆಚ್ಚಾಗಿ 27ನೇ ನಂಬರಿಂದ ಶುರುವಾಗುತ್ತೆ, ಅದಕ್ಕೆ ಎಸ್ಕೇಪ್ ಅಂತಾರೆ. 27 ಆದಮೇಲೆ 64 ಬಂದ್ರೆ ಎಪ್ಸನ್ ಭಾಷೇಲಿ ಪ್ರಿಂಟರ್ ರೀಸೆಟ್ ಅಂತ ಅರ್ಥ. 27 ಇಲ್ಲದೇ ಬರೀ 15 ಬಂದ್ರೆ ಅಕ್ಷರ ಸಣ್ಣ ಮಾಡು, 18 ಬಂದ್ರೆ ಸಣ್ಣ ಮಾಡಿದ್ದು ಸಾಕು, 12 ಬಂದ್ರೆ ಪೇಜ್ ಹೊರಗೆ ತಳ್ಳು. ಎಪ್ಸನ್ನಿಂದು ಇಎಸ್‌ಸಿ/ಪಿ ಭಾಷೆ, ಎಚ್‌ಪಿ ಲೇಸರಿಂದು ಪಿಸಿಎಲ್, ಬಿಲ್ ಹೊಡಿಯೋ ಥರ್ಮಲ್ ಪ್ರಿಂಟರಿಂದು ಇಎಸ್‌ಸಿ/ಪಿಒಎಸ್. ಒಂದೇ ಕೋಡಿಗೆ ಬೇರೆಬೇರೆ ಭಾಷೇಲಿ ಬೇರೆಬೇರೆ ಅರ್ಥ ಐತೆ, ನೋಡ್ರಿ, ಎಸ್ಕೇಪ್ ಆದಮೇಲೆ ದೊಡ್ಡ ಇ ಬಂದ್ರೆ ಎಪ್ಸನ್ ಅಕ್ಷರ ದಪ್ಪ ಮಾಡುತ್ತೆ, ಅದೇ ಕೋಡಿಗೆ ಪಿಸಿಎಲ್ ಪ್ರಿಂಟರ್ ಪೂರ್ತಿ ರೀಸೆಟ್ ಆಗುತ್ತೆ. ಚೀಟಿ ಅರ್ಧಕ್ಕೇ ಹೊರಗೆ ಬರೋದು, ಮಿಕ್ಕಿದ್ದು ಇನ್ನೊಂದು ಪೇಜಿಗೆ ಹೋಗೋದು ಇದರಿಂದಾನೇ.

ಈಗಿನ ಕಡಿಮೆ ರೇಟಿನ ಇಂಕ್‌ಜೆಟ್ ಮತ್ತೆ ಚಿಕ್ಕ ಲೇಸರ್ ಎಷ್ಟೋ ಈ ಯಾವ ಭಾಷೇನೂ ಅರ್ಥ ಮಾಡ್ಕೊಳ್ಳಲ್ಲ. ಅವಕ್ಕೆ ಕಂಪ್ಯೂಟರಿನ ಡ್ರೈವರ್ ಪೂರ್ತಿ ಪೇಜನ್ನ ಚಿತ್ರ ಮಾಡಿ ಕೊಡಬೇಕು, ಹೋಸ್ಟ್ ಬೇಸ್ಡ್ ಅಥವಾ ಜಿಡಿಐ ಪ್ರಿಂಟರ್ ಅಂತಾರೆ. ನಮ್ಮ ಕಡೆ ಆಫೀಸಿಗೊಂದು ಇರೋ ಎಚ್‌ಪಿ ಲೇಸರ್‌ಜೆಟ್ 1020 ಇದೇ ಜಾತಿ, ಕಂಪ್ಯೂಟರಿಗೆ ಒಳ್ಳೇ ಪ್ರಿಂಟರು, ಆದ್ರೆ ಇಂಡಿಕೇಟರಿಗೆ ಸೀದಾ ಹಾಕಿದ್ರೆ ಎಂಥಾ ದುಬಾರಿ ಅಡಾಪ್ಟರ್ ಇದ್ರೂ ಪ್ರಿಂಟ್ ಬರಲ್ಲ. ಆವತ್ತು ಆ ವೇಬ್ರಿಡ್ಜಿನ ಕ್ಯಾಬಿನಲ್ಲಿ ಕೇಬಲ್ ಸರಿ ಇದ್ದಿದ್ರೂ ಆ ಇಂಕ್‌ಜೆಟ್ ಕೆಲಸ ಮಾಡ್ತಿರಲಿಲ್ಲ.

ಅಡಾಪ್ಟರೇ ಬೇಡದ ದಾರಿ

ನನ್ನ ಅಭಿಪ್ರಾಯ ಕೇಳಿದ್ರೆ, ವೇಬ್ರಿಡ್ಜಿಗೆ ಇವತ್ತಿಗೂ ಡಾಟ್ ಮ್ಯಾಟ್ರಿಕ್ಸೇ ಸರಿ. ಎಪ್ಸನ್ ಎಲ್‌ಎಕ್ಸ್-310, ಎಲ್‌ಕ್ಯೂ-310 ಇವುಗಳಲ್ಲಿ ಯುಎಸ್‌ಬಿ, ಪ್ಯಾರಲಲ್, ಸೀರಿಯಲ್ ಮೂರೂ ಪೋರ್ಟ್ ಕೊಟ್ಟಿದಾರೆ, ಹಳೇ ಕೇಬಲ್ಲನ್ನೇ ಚುಚ್ಚಿದ್ರೆ ಮುಗೀತು. ಟಿವಿಎಸ್ ಎಂಎಸ್‌ಪಿ ಸೀರೀಸಲ್ಲೂ ಪ್ಯಾರಲಲ್ ಇರೋ ಮಾಡೆಲ್ ಅದಾವೆ, ತಗೊಳ್ಳೋವಾಗ ಡಬ್ಬಿ ಮೇಲೆ ಪೋರ್ಟ್ ಯಾವುದು ಅಂತ ಓದಿ ತಗೊಳ್ರಿ, ಯಾಕಂದ್ರೆ ಒಂದೇ ಹೆಸರಲ್ಲಿ ಬರೀ ಯುಎಸ್‌ಬಿ ಇರೋದೂ ಬರುತ್ತೆ.

ಇನ್ನೊಂದು ಕಾರಣಾನೂ ಐತೆ. ತೂಕದ ಚೀಟಿ ಮೂರು ಕಾಪಿ ಬೇಕು, ರೈತನಿಗೊಂದು, ಖರೀದಿದಾರನಿಗೊಂದು, ಕ್ಯಾಬಿನಿಗೊಂದು. ಕಾರ್ಬನ್ ಕಾಪಿ ಬರೋದು ಹೆಡ್ ಬಡಿದ್ರೆ ಮಾತ್ರ, ಲೇಸರಲ್ಲಿ ಬರಲ್ಲ, ಥರ್ಮಲ್ಲಲ್ಲೂ ಬರಲ್ಲ. ಥರ್ಮಲ್ ಪೇಪರ್ ಅಂತೂ ನಮ್ಮ ಏಪ್ರಿಲ್ ಬಿಸಿಲಲ್ಲಿ ಲಾರಿ ಡ್ಯಾಶ್‌ಬೋರ್ಡ್ ಮೇಲೆ ಇಟ್ರೆ ಕಪ್ಪಾಗಿ ಬಿಡುತ್ತೆ, ಅಕ್ಷರ ಹುಡುಕಬೇಕು. ಒಂದು ವೇಳೆ ಥರ್ಮಲ್ಲೇ ಬೇಕು ಅಂದ್ರೆ ಅಗಲ ನೋಡ್ಕೊಳ್ರಿ, 58 ಎಂಎಂ ಪೇಪರಲ್ಲಿ ಒಂದು ಸಾಲಿಗೆ ಸಾಮಾನ್ಯವಾಗಿ 32 ಅಕ್ಷರ ಹಿಡಿಯುತ್ತೆ, 80 ಎಂಎಂ ಅಲ್ಲಿ 48. ಹಳೇ ಇಂಡಿಕೇಟರ್ 80 ಕಾಲಮ್ಮಿನ ಚೀಟಿ ಕಳಿಸ್ತಾ ಇದ್ರೆ ಸಾಲು ಮುರಿದು ಮುರಿದು ಗಾಡಿ ನಂಬರ್ ಒಂದು ಕಡೆ ತೂಕ ಒಂದು ಕಡೆ ಆಗುತ್ತೆ.

ಅಡಾಪ್ಟರ್ ಬೇಕೇ ಬೇಕು ಅಂದ್ರೆ

ಮಷೀನಲ್ಲಿ ಪ್ಯಾರಲಲ್ ಮಾತ್ರ ಐತೆ, ಪ್ರಿಂಟರಲ್ಲಿ ಯುಎಸ್‌ಬಿ ಮಾತ್ರ ಐತೆ ಅಂದ್ರೆ ಬೇಕಾಗಿರೋದು ಕೇಬಲ್ ಅಲ್ಲ, ಬಾಕ್ಸ್. ಅದರೊಳಗೆ ಪ್ರೊಸೆಸರ್ ಇರಬೇಕು, ಯುಎಸ್‌ಬಿ ಕಡೆ ಅದು ಹೋಸ್ಟ್ ಆಗಿರಬೇಕು, ಅದಕ್ಕೆ ಬೇರೆ ಪವರ್ ಅಡಾಪ್ಟರ್ ಇರುತ್ತೆ. ಕೇಳೋವಾಗ ಹಿಂಗೆ ಕೇಳ್ರಿ: "ಸರ್, ಇದು ಮಷೀನಿನ ಪ್ಯಾರಲಲ್ ಔಟ್‌ಪುಟ್ಟನ್ನ ಯುಎಸ್‌ಬಿ ಪ್ರಿಂಟರಿಗೆ ಕಳಿಸುತ್ತಾ? ಯುಎಸ್‌ಬಿ ಬಾಯಿ ಪೆನ್‌ಡ್ರೈವ್ ಹಾಕೋ ತರದ್ದು ಐತಾ?" ಬಾಕ್ಸಲ್ಲಿ ಪೆನ್‌ಡ್ರೈವ್ ಹಾಕೋ ಅಂಥ ಚಪ್ಪಟೆ ಬಾಯಿ ಇದ್ರೆ ಅದು ಹೋಸ್ಟ್ ಆಗಿರೋ ಸಾಧ್ಯತೆ ಹೆಚ್ಚು, ಕಂಪ್ಯೂಟರಿಗೆ ಚುಚ್ಚೋ ವೈರ್ ಹೊರಗೆ ಬಂದಿದ್ರೆ ಅದು ಹಳೇ ಕಥೇನೇ, ಬಿಟ್ಟು ಬನ್ರಿ. ವಾಪಸ್ ತಗೊಳ್ತೀವಿ ಅಂತ ಬಿಲ್ಲಲ್ಲಿ ಬರೆಸ್ಕೊಳ್ರಿ. ಮತ್ತೆ ಕೆಲವು ಬಾಕ್ಸ್ ಅಕ್ಷರವನ್ನ ಹಂಗೇ ದಾಟಿಸ್ತವೆ, ಕೆಲವು ಎಪ್ಸನ್ ಭಾಷೆಯಿಂದ ಪಿಸಿಎಲ್ಲಿಗೆ ಬದಲಾಯಿಸ್ತವೆ. ಹಂಗೇ ದಾಟಿಸೋ ಬಾಕ್ಸಿಗೆ ಮಷೀನಿನ ಭಾಷೆ ಗೊತ್ತಿರೋ ಪ್ರಿಂಟರೇ ಬೇಕು.

ಮಷೀನಲ್ಲಿ ಸೀರಿಯಲ್ ಇದ್ರೆ ನಾನು ಇಷ್ಟಪಡೋ ದಾರಿ ಬೇರೆ. ಸೀರಿಯಲ್ ಟು ಈಥರ್ನೆಟ್ ಕನ್ವರ್ಟರ್ ಅಂತ ಸಿಗುತ್ತೆ, ಒಂದು ಕಡೆ 9 ಪಿನ್, ಇನ್ನೊಂದು ಕಡೆ ಲ್ಯಾನ್. ಪಿಸಿಎಲ್ ಗೊತ್ತಿರೋ ನೆಟ್‌ವರ್ಕ್ ಲೇಸರ್ ಪ್ರಿಂಟರಿನ ಜೊತೆ ಇದು ಚೆನ್ನಾಗಿ ಹೊಂದುತ್ತೆ, ಯಾಕಂದ್ರೆ ಅಂಥ ಪ್ರಿಂಟರ್‌ಗಳು ನೆಟ್‌ವರ್ಕಿನ 9100ನೇ ಪೋರ್ಟಲ್ಲಿ (ಇದು ಚುಚ್ಚೋ ಬಾಯಿ ಅಲ್ಲ, ಬರೀ ಒಂದು ನಂಬರ್) ಬಂದ ಡೇಟಾನ ಹಂಗೇ ತಗೊಂಡು ಪ್ರಿಂಟ್ ಹೊಡೀತವೆ. ಮೊದಲು ಪ್ರಿಂಟರಿಗೆ ಬದಲಾಗದ ಐಪಿ (ನೆಟ್‌ವರ್ಕಲ್ಲಿ ಅದರ ವಿಳಾಸ) ಕೊಡ್ರಿ, ಆಮೇಲೆ ಲ್ಯಾಪ್‌ಟಾಪಲ್ಲಿ ಕನ್ವರ್ಟರಿನ ಪೇಜ್ ಓಪನ್ ಮಾಡಿ ಟಿಸಿಪಿ ಕ್ಲೈಂಟ್ ಮೋಡಿಗೆ (ಕನ್ವರ್ಟರೇ ಪ್ರಿಂಟರನ್ನ ಕರೆಯೋ ಮೋಡ್) ಹಾಕಿ, ರಿಮೋಟ್ ಐಪಿ ಜಾಗದಲ್ಲಿ ಪ್ರಿಂಟರಿನ ಐಪಿ, ಪೋರ್ಟ್ 9100. ಕೆಲಸ ಇಲ್ಲದಾಗ ಕನೆಕ್ಷನ್ ಕಟ್ ಮಾಡೋ ಐಡಲ್ ಟೈಮ್‌ಔಟ್ ಅಂತ ಒಂದು ಸೆಟ್ಟಿಂಗ್ ಇದ್ರೆ ಕೆಲವೇ ಸೆಕೆಂಡಿಗೆ ಇಡ್ರಿ, ಇಲ್ಲ ಅಂದ್ರೆ ಕನೆಕ್ಷನ್ ಹಿಡ್ಕೊಂಡೇ ಕೂತು ಪ್ರಿಂಟರ್ ಬೇರೆಯವರ ಪ್ರಿಂಟನ್ನ ತಗೊಳ್ಳಲ್ಲ.

ಸೀರಿಯಲ್ ಜೋಡಿಸೋದು, ಮಲ್ಟಿಮೀಟರ್ ಹಿಡ್ಕೊಳ್ರಿ

ಸೀರಿಯಲ್ಲಲ್ಲಿ ಕನಿಷ್ಠ ಮೂರು ವೈರ್ ಬೇಕು, ಕಳಿಸೋದು, ತಗೊಳ್ಳೋದು, ಗ್ರೌಂಡ್. ಕಂಪ್ಯೂಟರ್ ತರದ 9 ಪಿನ್ನಲ್ಲಿ 3 ಕಳಿಸುತ್ತೆ, 2 ತಗೊಳ್ಳುತ್ತೆ, 5 ಗ್ರೌಂಡ್. 25 ಪಿನ್ನಲ್ಲಿ ಆದ್ರೆ 2 ಕಳಿಸೋದು, 3 ತಗೊಳ್ಳೋದು, 7 ಗ್ರೌಂಡ್. ಆದ್ರೆ ಇಂಡಿಕೇಟರ್ ಮಾಡಿದವರು ಅವರವರ ಇಷ್ಟಕ್ಕೆ ಪಿನ್ ಇಟ್ಟಿರ್ತಾರೆ, ಮ್ಯಾನ್ಯುಯಲ್ ಕಳೆದುಹೋಗಿ ಹತ್ತು ವರ್ಷ ಆಗಿರುತ್ತೆ, ಆಗ ಏನ್ ಮಾಡ್ಬೇಕು? ಮಷೀನ್ ಆನ್ ಇಟ್ಟು, ಪ್ರಿಂಟ್ ಒತ್ತದೇ, ಮಲ್ಟಿಮೀಟರನ್ನ ಡಿಸಿ ವೋಲ್ಟಿಗೆ ಇಟ್ಟು ಕಪ್ಪು ಪ್ರೋಬ್ ಗ್ರೌಂಡ್ ಪಿನ್ನಿಗೆ (9 ಪಿನ್ನಲ್ಲಿ ಸಾಮಾನ್ಯವಾಗಿ 5, 25ರಲ್ಲಿ 7), ಕೆಂಪು ಪ್ರೋಬ್ 2ಕ್ಕೆ ಒಂದ್ಸಲ, 3ಕ್ಕೆ ಒಂದ್ಸಲ ಮುಟ್ಟಿಸ್ರಿ. ಯಾವ ಪಿನ್ನಲ್ಲಿ ಮೈನಸ್ 5ರಿಂದ ಮೈನಸ್ 12ರ ಒಳಗೆ ತೋರಿಸುತ್ತೋ ಅದೇ ಕಳಿಸೋ ಪಿನ್ನು, ಯಾಕಂದ್ರೆ ಆರ್‌ಎಸ್-232 ಸುಮ್ನೆ ಇರೋವಾಗ ಮೈನಸ್ಸಲ್ಲೇ ನಿಂತಿರುತ್ತೆ. ಆ ಪಿನ್ನನ್ನ ಎದುರಿನ ಕಡೆಯ ತಗೊಳ್ಳೋ ಪಿನ್ನಿಗೆ ಕೊಡ್ರಿ. ಎರಡೂ ಕಳಿಸೋ ಪಿನ್ ಎದುರುಬದುರು ಆಗಿದ್ರೆ 2 ಮತ್ತೆ 3 ಅದಲುಬದಲು ಮಾಡಿರೋ ನಲ್ ಮೋಡೆಮ್ ಕೇಬಲ್ ಬೇಕು.

ಆಮೇಲೆ ಸ್ಪೀಡ್. ಎರಡೂ ಕಡೆ ಬಾಡ್ ರೇಟ್ ಒಂದೇ ಇರಬೇಕು, 1200, 2400, 4800, 9600 ಹಿಂಗೆ ಯಾವುದಾದ್ರೂ ಇರುತ್ತೆ. ಸ್ಪೀಡ್ ತಪ್ಪಿದ್ರೆ ಪೂರ್ತಿ ಕಸ ಬರುತ್ತೆ. ಸ್ಪೀಡ್ ಸರಿ ಇದ್ದು ಪ್ಯಾರಿಟಿ (ತಪ್ಪು ಹಿಡಿಯೋಕೆ ಪ್ರತಿ ಅಕ್ಷರದ ಜೊತೆ ಸೇರಿಸೋ ಒಂದು ಬಿಟ್) ತಪ್ಪಿದ್ರೆ ಅರ್ಧ ಸರಿ ಅರ್ಧ ಕಸ ಬರುತ್ತೆ, ಇದನ್ನ ಕಂಡುಹಿಡಿಯೋದು ಸುಲಭ. ಮಷೀನ್ 7 ಬಿಟ್ ಈವನ್ ಪ್ಯಾರಿಟಿ ಕಳಿಸ್ತಾ ಇದ್ದು ಪ್ರಿಂಟರ್ 8 ಬಿಟ್ ಪ್ಯಾರಿಟಿ ಇಲ್ಲ ಅಂತ ಇದ್ರೆ, 0, 3, 5, 6, 9 ಸರಿಯಾಗಿ ಬರ್ತವೆ, 1, 2, 4, 7, 8 ಕೆಟ್ಟು ಬರ್ತವೆ. ಎಪ್ಸನ್ನಲ್ಲಿ ಗ್ರಾಫಿಕ್ಸ್ ಅಕ್ಷರದ ಟೇಬಲ್ ಆನ್ ಇದ್ರೆ 1 ಇರಬೇಕಾದ ಜಾಗದಲ್ಲಿ ಚುಕ್ಕಿ ತುಂಬಿದ ಡಬ್ಬಿ, 4ರ ಜಾಗದಲ್ಲಿ ಟೇಬಲ್ ಗೆರೆ ತರದ್ದು ಬರುತ್ತೆ. ಒಂದು ಕ್ಯಾಬಿನಲ್ಲಿ 9360 ಕೆಜಿ ಅಂತ ಸರಿಯಾಗಿ ಬಂತು, ಮುಂದಿನ ಗಾಡಿದು 12480 ಅಂತ ಬರಬೇಕಾದ್ದು ನಾಕು ಡಬ್ಬಿ ಗೆರೆ, ಕೊನೇಗೊಂದು ಸೊನ್ನೆ ಬಂತು, ಅವರು ಹೆಡ್ ಹೋಗೈತೆ ಅಂತ ಹೊಸ ಹೆಡ್ಡಿಗೆ ಆರ್ಡರ್ ಕೊಡೋಕೆ ಹೊರಟಿದ್ರು. ಪ್ರಿಂಟರ್ ಸೆಟ್ಟಿಂಗಲ್ಲಿ ಪ್ಯಾರಿಟಿ ಬದಲಾಯಿಸಿದೆ, ಐದು ನಿಮಿಷದ ಕೆಲಸ.

ಚೀಟಿ ಸರಿ ಬಂದು ಉದ್ದದ ರಿಪೋರ್ಟ್ ಮಾತ್ರ ನಡುವೆ ಸಾಲು ನುಂಗ್ತಾ ಇದ್ರೆ ಹ್ಯಾಂಡ್‌ಶೇಕ್ ಇಲ್ಲ ಅಂತ ಅರ್ಥ, ಪ್ರಿಂಟರ್ ನಿಲ್ಲು ಅಂದಿದ್ದು ಮಷೀನಿಗೆ ಕೇಳಿಸ್ತಿಲ್ಲ. ಮೂರು ವೈರ್ ಸಾಲಲ್ಲ, ಆ ಸಿಗ್ನಲ್ ವೈರ್ ಕೂಡ ಎಳೀಬೇಕು, ಇಲ್ಲ ಎಕ್ಸ್‌ಆನ್ ಎಕ್ಸ್‌ಆಫ್ ಎರಡೂ ಕಡೆ ಆನ್ ಮಾಡಬೇಕು, ಅದು ನಿಲ್ಲು, ಕಳಿಸು ಅನ್ನೋದನ್ನ ಡೇಟಾ ವೈರಲ್ಲೇ ಕೋಡ್ ಕಳಿಸಿ ಹೇಳುತ್ತೆ.

ನಡುವೆ ಕಂಪ್ಯೂಟರ್ ಇಡೋದು

ಮನೇಲಿ ಬಿದ್ದಿರೋ ಹಳೇ ಲ್ಯಾಪ್‌ಟಾಪ್ ಇದ್ರೂ ಸಾಕು. ಯುಎಸ್‌ಬಿ ಟು ಸೀರಿಯಲ್ ಕೇಬಲ್ ತಗೊಂಡು ಮಷೀನಿಗೆ ಹಾಕಿ, ಡಿವೈಸ್ ಮ್ಯಾನೇಜರಲ್ಲಿ ಕಾಮ್ ನಂಬರ್ (ಸೀರಿಯಲ್ ಪೋರ್ಟಿಗೆ ವಿಂಡೋಸ್ ಕೊಟ್ಟ ನಂಬರ್) ನೋಡಿ, ಪುಟ್ಟಿ ತರದ ಟರ್ಮಿನಲ್ ಓಪನ್ ಮಾಡಿದ್ರೆ ಮಷೀನ್ ಏನು ಕಳಿಸ್ತೈತೆ ಅಂತ ಕಣ್ಣಿಗೇ ಕಾಣುತ್ತೆ. ಇಲ್ಲಿ ಕಂಪ್ಯೂಟರೇ ಹೋಸ್ಟ್ ಆಗಿರೋದ್ರಿಂದ ಈ ಕೇಬಲ್ ಕೆಲಸ ಮಾಡುತ್ತೆ. ಚಿಪ್ ಎಫ್‌ಟಿಡಿಐ ಅಥವಾ ಸಿಎಚ್340 ಇದ್ರೆ ನನಗೆ ತೊಂದರೆ ಆಗಿದ್ದು ಕಡಿಮೆ. ಬಂದ ಅಕ್ಷರವನ್ನ ಒಂದು ಚಿಕ್ಕ ಪ್ರೋಗ್ರಾಮ್ ಹಿಡಿದು ವಿಂಡೋಸ್ ಡ್ರೈವರ್ ಮೂಲಕ ಕೊಟ್ರೆ ಆ ಜಿಡಿಐ ಲೇಸರ್ರೂ ನಡೆಯುತ್ತೆ, ಇಂಕ್‌ಜೆಟ್ಟೂ ನಡೆಯುತ್ತೆ. ಕನ್ನಡದಲ್ಲಿ ಚೀಟಿ ಕೊಡ್ಬೇಕು ಅಂದ್ರೂ ಇದೇ ದಾರಿ, ಹಳೇ ಇಂಡಿಕೇಟರ್‌ಗೆ ಕನ್ನಡ ಕಳಿಸೋಕೆ ಬರಲ್ಲ, ಆದ್ರೆ ಕಂಪ್ಯೂಟರಲ್ಲಿ "ಒಟ್ಟು ತೂಕ, ಖಾಲಿ ಗಾಡಿ ತೂಕ, ನಿವ್ವಳ ತೂಕ" ಅಂತ ನಾವೇ ಹಾಕ್ಕೋಬಹುದು. ತನ್ನ ಮಾಲಿನ ತೂಕ ತನಗೇ ಓದೋಕೆ ಆಗ್ಬೇಕು ರೈತನಿಗೆ, ಇದು ನನಗೆ ತುಂಬಾ ಮುಖ್ಯ ಅನ್ಸುತ್ತೆ.

ಮಂಡಿಪೇಟೆ ಕಡೆ ಅಂಗಡೀಲಿ ಇನ್ನೂ ಫಾಕ್ಸ್‌ಪ್ರೋ ಕಾಲದ ಡಾಸ್ ಸಾಫ್ಟ್‌ವೇರಲ್ಲಿ ಬಿಲ್ ಹೊಡಿಯೋರಿಗೆ ಅಡಾಪ್ಟರ್ ಬೇಕಾಗೇ ಇಲ್ಲ. ಯುಎಸ್‌ಬಿ ಡಾಟ್ ಮ್ಯಾಟ್ರಿಕ್ಸ್ ಹಾಕಿ, ಅದನ್ನ ಜಾಗ ಬಿಡದ ಚಿಕ್ಕ ಹೆಸರಲ್ಲಿ ಶೇರ್ ಮಾಡ್ರಿ. ಕಮಾಂಡ್ ಪ್ರಾಂಪ್ಟಲ್ಲಿ ನೆಟ್ ಯೂಸ್ ಎಲ್‌ಪಿಟಿ1 ಕೋಲನ್ ಅಂತ ಇಂಗ್ಲಿಷಲ್ಲಿ ಹೊಡೆದು, ಜಾಗ ಬಿಟ್ಟು ಎರಡು ಬ್ಯಾಕ್‌ಸ್ಲ್ಯಾಶ್, ಕಂಪ್ಯೂಟರಿನ ಹೆಸರು, ಒಂದು ಬ್ಯಾಕ್‌ಸ್ಲ್ಯಾಶ್, ಶೇರ್ ಹೆಸರು, ಮತ್ತೆ ಜಾಗ ಬಿಟ್ಟು ಸ್ಲ್ಯಾಶ್ ಪರ್ಸಿಸ್ಟೆಂಟ್ ಕೋಲನ್ ಯೆಸ್. ಸಾಫ್ಟ್‌ವೇರ್ ಎಲ್‌ಪಿಟಿ1ಕ್ಕೆ (ಡಾಸ್ ಕಾಲದ ಮೊದಲನೇ ಪ್ರಿಂಟರ್ ಪೋರ್ಟಿನ ಹೆಸರು) ಕಳಿಸಿದ್ದೆಲ್ಲ ಆ ಪ್ರಿಂಟರಿಗೆ ಹೋಗುತ್ತೆ. 64 ಬಿಟ್ ವಿಂಡೋಸಲ್ಲಿ ಆ ಸಾಫ್ಟ್‌ವೇರೇ ಓಪನ್ ಆಗಲ್ಲ, ಅಲ್ಲಿ ಡಾಸ್ ಸಾಫ್ಟ್‌ವೇರ್ ಓಡಿಸೋ ವಿಡಾಸ್ ತರದ ಪ್ರೋಗ್ರಾಮ್ ಹಾಕ್ಕೋಬೇಕು, ಅದು ಪ್ರಿಂಟನ್ನೂ ವಿಂಡೋಸ್ ಪ್ರಿಂಟರಿಗೆ ದಾಟಿಸುತ್ತೆ.

ಪ್ರಿಂಟ್ ಬಂತು, ಆದ್ರೆ ಸರಿ ಇಲ್ಲ

ಸಾಲುಗಳು ಮೆಟ್ಟಿಲು ಇಳಿದಂಗೆ ಬಲಕ್ಕೆ ಜಾರ್ತಾ ಹೋದ್ರೆ ಮಷೀನ್ ಲೈನ್ ಫೀಡ್ ಮಾತ್ರ ಕಳಿಸ್ತೈತೆ, ಹೆಡ್ ವಾಪಸ್ ಎಡಕ್ಕೆ ಬಾ ಅನ್ನೋ ಕ್ಯಾರೇಜ್ ರಿಟರ್ನ್ ಕಳಿಸ್ತಿಲ್ಲ. ಪಿಸಿಎಲ್ ಪ್ರಿಂಟರ್ ಕೆಲವದರ ಮೆನುವಲ್ಲಿ ಇದನ್ನ ಸರಿ ಮಾಡೋ ಆಯ್ಕೆ ಇರುತ್ತೆ. ಉಲ್ಟಾ, ಒಂದೊಂದು ಸಾಲಿಗೂ ಒಂದು ಖಾಲಿ ಸಾಲು ಬಂದ್ರೆ ಪ್ರಿಂಟರಲ್ಲಿ ಆಟೋ ಲೈನ್ ಫೀಡ್ ಆನ್ ಐತೆ, ಆಫ್ ಮಾಡ್ರಿ. ಎಲ್ಲಾ ಒಂದೇ ಸಾಲಿನ ಮೇಲೆ ಬಡಿದು ಕಪ್ಪಾದ್ರೆ ಅದನ್ನೇ ಆನ್ ಮಾಡ್ರಿ. ಲೇಸರ್ ಪ್ರಿಂಟರಿಗೆ ಡೇಟಾ ಹೋಗಿ ಲೈಟ್ ಮಿನುಗ್ತಾ ಪೇಪರ್ ಬರ್ತಾ ಇಲ್ಲ ಅಂದ್ರೆ ಅದು ಪೇಜ್ ತುಂಬೋಕೆ ಕಾಯ್ತೈತೆ, ಮಷೀನಿನ ಚೀಟಿ ಫಾರ್ಮ್ಯಾಟಲ್ಲಿ ಕೊನೆಗೆ ಫಾರ್ಮ್ ಫೀಡ್, ಅಂದ್ರೆ 12, ಸೇರಿಸ್ಬೇಕು.

ಏನೇ ಮಾಡಿದ್ರೂ ತಿಳೀತಿಲ್ಲ ಅಂದಾಗ ನನ್ನ ಕೈ ಹಿಡಿಯೋದು ಹೆಕ್ಸ್ ಡಂಪ್. ಎಪ್ಸನ್ ಡಾಟ್ ಮ್ಯಾಟ್ರಿಕ್ಸಲ್ಲಿ ಮಾಡೆಲ್ ನೋಡಿ ಎರಡು ಬಟನ್ ಒತ್ತಿ ಹಿಡ್ಕೊಂಡು ಪವರ್ ಆನ್ ಮಾಡಿದ್ರೆ, ಬಂದ ಒಂದೊಂದು ಕೋಡನ್ನೂ ಹೆಕ್ಸ್ ನಂಬರಲ್ಲಿ, ಅಂದ್ರೆ 16ರ ಲೆಕ್ಕದಲ್ಲಿ, ಹೊಡೆದು ತೋರಿಸುತ್ತೆ (27 ಇಲ್ಲಿ 1ಬಿ ಆಗುತ್ತೆ). ಅಲ್ಲಿ 0ಡಿ 0ಎ ಅಂತ ಇದ್ರೆ ಕ್ಯಾರೇಜ್ ರಿಟರ್ನ್ ಲೈನ್ ಫೀಡ್ ಎರಡೂ ಬರ್ತವೆ, 1ಬಿ ಇದ್ರೆ ಎಸ್ಕೇಪ್ ಕೋಡ್ ಶುರು, ಬಿ1 ಅಂತ ಕಂಡ್ರೆ ಅದೇ ಪ್ಯಾರಿಟಿ ರಗಳೆ, 31 ಬರಬೇಕಿತ್ತು. ಖಾಲಿ ಪೇಪರ್ ಹಂಗೇ ನಿಂತ್ರೆ ಡೇಟಾನೇ ಬರ್ತಿಲ್ಲ, ವೈರ್ ನೋಡ್ರಿ.

ಪ್ಯಾರಲಲ್, ಸೀರಿಯಲ್ ಯಾವುದನ್ನೇ ಚುಚ್ಚೋವಾಗ ಎರಡೂ ಕಡೆ ಪವರ್ ಆಫ್ ಮಾಡ್ರಿ, ಇವು ಯುಎಸ್‌ಬಿ ಅಲ್ಲ ಚಾಲೂ ಇದ್ದಂಗೇ ಕೀಳೋಕೆ. ಪ್ಯಾರಲಲ್ ಕೇಬಲ್ ಎರಡು ಮೀಟರ್ ಒಳಗಿರಲಿ, ಯುಎಸ್‌ಬಿ ಐದು, ಆರ್‌ಎಸ್-232 ಹದಿನೈದರ ತನಕ ಎಳೀಬಹುದು. ಮಷೀನ್ ಮತ್ತೆ ಪ್ರಿಂಟರ್ ಎರಡಕ್ಕೂ ಒಂದೇ ಬೋರ್ಡಿಂದ ಕರೆಂಟ್ ಕೊಡ್ರಿ, ಅರ್ಥಿಂಗ್ ನೋಡ್ಕೊಳ್ರಿ, ಬಯಲಲ್ಲಿರೋ ಕ್ಯಾಬಿನ್‌ಗಳಲ್ಲಿ ಗುಡುಗು ಮಳೆ ಬಂದ ಮಾರನೇ ದಿನ ಪೋರ್ಟ್ ಸುಟ್ಟಿರೋದು ಎಷ್ಟೋ ನೋಡೀನಿ. ಮಳೆ ಕವಿದಾಗ ಕೇಬಲ್ ಕಿತ್ತಿಡಿ ಅಂತ ಕ್ಯಾಬಿನ್ ಹುಡುಗನಿಗೆ ಹೇಳಿಡ್ರಿ.

ಆವತ್ತಿನ ವೇಬ್ರಿಡ್ಜಿಗೆ ಕೊನೆಗೆ ಎಲ್‌ಎಕ್ಸ್-310 ತರಿಸಿ ಹಳೇ ಪ್ಯಾರಲಲ್ ಕೇಬಲ್ಲಲ್ಲೇ ಹಾಕಿದ್ವಿ, ಆ ಇಂಕ್‌ಜೆಟ್ ಓನರ್ ಮಗಳ ಪ್ರಾಜೆಕ್ಟ್ ಕೆಲಸಕ್ಕೆ ಮನೆಗೆ ಹೋಯ್ತು. ಮಧ್ಯಾಹ್ನದ ಹೊತ್ತಿಗೆ ಮೊದಲ ಚೀಟಿ ಮೂರು ಕಾಪಿ ಬಂತು. ಎಲ್ಲಾ ಸರಿ ಆದಮೇಲೆ ಪೋರ್ಟ್ ಯಾವುದು, ಪ್ರಿಂಟರ್ ಯಾವ ಮೋಡಲ್ಲೈತೆ, ಆಟೋ ಲೈನ್ ಫೀಡ್ ಆನೋ ಆಫೋ ಅಂತ ಒಂದು ಕಾಗದದಲ್ಲಿ ಬರೆದು ಇಂಡಿಕೇಟರಿನ ಪಕ್ಕದ ಗೋಡೆಗೆ ಅಂಟಿಸಿ ಬಂದೆ, ನೀವೂ ಅಂಟಿಸ್ರಿ.